ಮುಸುವದ ಹೊಟ್ಟೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮುಸುವ ಎಲೆ ತಿಂದು ಬದುಕುವ ಮಂಗ. ಕಪ್ಪು ಮುಖ, ಬೂದು ಮೈ, ಮೈಗಿಂತ ಉದ್ದದ ಬಾಲ. ಕೆಂಪು ಮಂಗ್ಯಾನಿಗೆ ಇರುವಂತೆ ಇದಕ್ಕೆ ಗಲ್ಲದಲ್ಲಿ ಚೀಲವಿಲ್ಲ. ಇದರ ಉಗ್ರಾಣ ಹೊಟ್ಟೆಯೇ. ಆಕಳ ಹೊಟ್ಟೆಯಂತೆ ಇದರದೂ ಕೋಣೆ ಕೋಣೆಯಾದ ಜಠರ. ಅದರ ಮುಂಭಾಗದಲ್ಲಿ ಬ್ಯಾಕ್ಟೀರಿಯಾಗಳು ಸೊಪ್ಪಿನ ನಾರನ್ನು ಹುಳಿಸಿ ಒಡೆಯುತ್ತವೆ, ಕೆಲವು ಎಲೆಗಳ ನಂಜನ್ನೂ ಮುರಿಯುತ್ತವೆ. ಮಧ್ಯಾಹ್ನ ಹುಣಸೆಮರದಲ್ಲಿ ಬಾಲ ಇಳಿಬಿಟ್ಟು ತೂಕಡಿಸುವ ಮುಸುವ ಸೋಮಾರಿಯಲ್ಲ. ಒಳಗೆ ಕೆಲಸ ನಡೆದಿರುತ್ತದೆ. ಸಿಹಿ ಪದಾರ್ಥ ಈ ಹೊಟ್ಟೆಯಲ್ಲಿ ಬೇಗ ಹುಳಿತು ಆಮ್ಲ ಹೆಚ್ಚಿಸುತ್ತದೆ. ಆದ್ದರಿಂದ ಪ್ರೀತಿಯಿಂದ ಕೊಟ್ಟ ಬಿಸ್ಕೀಟೂ ಅದಕ್ಕೆ ಅಪಾಯವೇ.

ಅದು ಉಣ್ಣುವುದನ್ನು ನೋಡುವುದೇ ಒಂದು ಸೊಗಸು. ಟೊಂಗೆಯನ್ನು ಕೈಯಿಂದ ಬಾಗಿಸಿ, ಎಳೆಯ ತುದಿಯನ್ನಷ್ಟೇ ಕಚ್ಚಿ, ಉಳಿದದ್ದನ್ನು ಕೆಳಗೆ ಬಿಡುತ್ತದೆ. ಕಾಡಿನಲ್ಲಿ ಹಾಗೆ ಉದುರಿದ್ದನ್ನು ಮೇಯಲು ಚುಕ್ಕಿ ಜಿಂಕೆಗಳು ಮರದಡಿ ಬಂದು ನಿಲ್ಲುತ್ತವೆ. ನಡೆಯುವಾಗ ಬಾಲವನ್ನು ಗಮನಿಸಬೇಕು: ಉತ್ತರ ಭಾರತದ ಮುಸುವಗಳ ಬಾಲ ಬೆನ್ನ ಮೇಲೆ ತಲೆಯ ಕಡೆಗೆ ಬಾಗಿದರೆ, ದಕ್ಷಿಣದವುಗಳದು ಮೇಲೆದ್ದು ಹಿಂದಕ್ಕೆ ಬಾಗುತ್ತದೆ.

ಮುಸುವದ ಸಂಸಾರದ ಗುಟ್ಟು ಜಗತ್ತಿಗೆ ತಿಳಿದದ್ದು ಧಾರವಾಡದಿಂದ. ಜಪಾನಿನ ಸಂಶೋಧಕ ಯುಕಿಮಾರು ಸುಗಿಯಾಮ 1961ರಿಂದ 1963ರವರೆಗೆ ಅಲ್ಲಿನ ಹಿಂಡುಗಳ ಬೆನ್ನು ಹತ್ತಿದ್ದರು. 1962ರಲ್ಲಿ ಗಂಡುಗಳ ಗುಂಪೊಂದು ಒಂದು ಹಿಂಡಿನ ಮೇಲೆ ಬಿದ್ದು ಯಜಮಾನನನ್ನು ಓಡಿಸಿತು. ಅವುಗಳಲ್ಲಿ ಗೆದ್ದು ಉಳಿದ ಗಂಡು ಹಿಂಡಿನ ಎಳೆ ಮರಿಗಳನ್ನು ಕಚ್ಚಿ ಕೊಂದಿತು. ಮರಿ ಕಳೆದುಕೊಂಡ ತಾಯಿಗಳು ಬೇಗನೆ ಬೆದೆಗೆ ಬಂದವು. ಮುಂದೆ ಸಂಶೋಧಕಿ ಸಾರಾ ಹರ್ಡಿ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಇದನ್ನೇ ಅಭ್ಯಾಸ ಮಾಡಿ, ಹೊಸ ಗಂಡಿಗೆ ತನ್ನ ಸಂತಾನ ಬೇಗ ಬೆಳೆಸಿಕೊಳ್ಳುವ ದಾರಿ ಇದು ಎಂದು ವಾದಿಸಿದರು. ಇಂಥ ಹಿಂಡುಗಳಲ್ಲೇ ಹೆಣ್ಣುಗಳು ಒಂದರ ಮರಿಯನ್ನು ಇನ್ನೊಂದು ಎತ್ತಿಕೊಂಡು, ಕೈಯಿಂದ ಕೈಗೆ ದಾಟಿಸುತ್ತ ಸಾಕುತ್ತವೆ. ಎರಡನ್ನೂ ನೋಡದೆ ಮುಸುವವನ್ನು ಬಲ್ಲೆವೆನ್ನಲಾಗದು.

ಊರಿಗೊಂದು ಹನುಮಪ್ಪನ ಗುಡಿ ಇರುವ ಈ ನಾಡಿನಲ್ಲಿ, ಲಂಕೆ ಸುಟ್ಟಾಗ ಕಪ್ಪಾದ ಮುಖವೆಂಬ ನಂಬಿಕೆ ಮುಸುವವನ್ನು ಕಾಯ್ದಿದೆ. ವಿಯೆಟ್ನಾಮಿನ ಕ್ಯಾಟ್ ಬಾ ದ್ವೀಪದಲ್ಲಿರುವ ಇದರ ದಾಯಾದಿ ಲಂಗೂರ್‌ಗೆ ಆ ಭಾಗ್ಯವಿರಲಿಲ್ಲ. ಮೂಡಲಗಿ ತಾಲ್ಲೂಕಿನ ಯಾದವಾಡದಲ್ಲಿ ಸಿಮೆಂಟಿಗಾಗಿ ಅಗೆಯುವ ಸುಣ್ಣಗಲ್ಲು, ಆ ದ್ವೀಪದಲ್ಲಿ ಸಮುದ್ರದಿಂದ ನೆಟ್ಟಗೆದ್ದ ಕಾಡುಗುಡ್ಡಗಳಾಗಿ ನಿಂತಿದೆ. ಅದರ ಗವಿ, ಕೊರಕಲುಗಳಲ್ಲಿ ರಾತ್ರಿ ಮಲಗಿ, ಹಗಲು ಬಂಡೆಯ ಸಂದಿನ ಗಿಡಗಳ ಎಲೆ ತಿನ್ನುವ ಈ ಲಂಗೂರ್‌ಗಳಿಗೂ ಇಂಥದೇ ಹೊಟ್ಟೆ. ಎಲುಬು ಕುದಿಸಿ ಮದ್ದು ಮಾಡುವವರಿಗಾಗಿ ಬೇಟೆಯಾಡಿದ್ದರಿಂದ 2000ದ ಹೊತ್ತಿಗೆ ಅವು ನಲವತ್ತರ ಆಸುಪಾಸಿಗೆ ಇಳಿದಿದ್ದವು. ಬೇಟೆ ತಡೆದ ಮೇಲೆ ಸಂಖ್ಯೆ ಏರುತ್ತಿದೆ, ಆದರೆ ನಿಧಾನವಾಗಿ. ಒಂದು ಸಲಕ್ಕೆ ಒಂದೇ ಮರಿ. ಇಲ್ಲಿಯ ಮುಸುವದ ಮರಿ ಹುಟ್ಟುವಾಗ ಕಪ್ಪು. ಅಲ್ಲಿಯದು ಕೇಸರಿ ಬೆರೆತ ಚಿನ್ನದ ಬಣ್ಣ. ಕಪ್ಪು ತಾಯಿಯ ಎದೆಗೆ ಅಂಟಿಕೊಂಡಾಗ ದೂರದಿಂದಲೇ ಎದ್ದು ಕಾಣುತ್ತದೆ.