ಪೆಟ್ರೋಲಿನಲ್ಲಿ ನೆಂದು ಬಾಳುವ ಸಾಮಾನು

ಕಳೆದ ಭಾನುವಾರ ನನ್ನ ಟೂಲ್ ಪೆಟ್ಟಿಗೆಯಿಂದ ಶೆಲ್ಯಾಕ್ ಬಾಟಲಿಯನ್ನು ಎತ್ತಿ ಅಟ್ಟಕ್ಕೆ ಸೇರಿಸಿದೆ. ಯೆಜ್ಡಿ ರೋಡ್‌ಕಿಂಗ್ ಮನೆಗೆ ಬಂದ ದಿನದಿಂದ ಅದರ ಜೊತೆಗೇ ಇದ್ದ ಬಾಟಲಿ ಅದು. ಪೆಟ್ರೋಲ್ ಕಾಕ್ ಒಸರಿದರೆ ಶೆಲ್ಯಾಕ್. ಕಾರ್ಬೊರೇಟರ್ ಬೌಲಿನ ಅಂಚು ತೇವವಾದರೆ ಶೆಲ್ಯಾಕ್. ಪ್ಯಾಕಿಂಗ್ ಕಾಗದದ ಎರಡೂ ಬದಿಗೆ ತೆಳ್ಳಗೆ ಸವರಿ, ಒಂದು ಬೀಡಿ ಸೇದುವಷ್ಟು ಹೊತ್ತು ದೂರ ನಿಂತು, ಆಮೇಲೆ ಬೋಲ್ಟ್ ಬಿಗಿಯುವುದು ಮೈಸೂರಿನ ಹಳೆ ಮೇಸ್ತ್ರಿಗಳ ಪದ್ಧತಿ. ನಾನೂ ಅವರನ್ನು ನೋಡಿಯೇ ಕಲಿತೆ. ಆ ಪದ್ಧತಿ ತಪ್ಪಾಗಿರಲಿಲ್ಲ. ಈಗ ಪೆಟ್ರೋಲೇ ಬದಲಾಗಿದೆ.

ಶೆಲ್ಯಾಕ್ ಎಂದರೆ ಬೇರೇನಲ್ಲ, ನಮ್ಮ ಅರಗು. ಮುತ್ತುಗದಂಥ ಮರಗಳ ಕೊಂಬೆಗೆ ಕಚ್ಚಿಕೊಂಡ ಪುಟ್ಟ ಕೀಟಗಳು ಸುರಿಸುವ ಅಂಟು. ಬಡಗಿಗಳು ಇದನ್ನೇ ಸ್ಪಿರಿಟ್‌ನಲ್ಲಿ ಕರಗಿಸಿ ಬೀರು, ಮಂಚಗಳಿಗೆ ಪಾಲಿಷ್ ಹಾಕುತ್ತಾರೆ. ಸ್ಪಿರಿಟ್ ಆರಿಹೋದ ಮೇಲೆ ಉಳಿಯುವ ಪದರಕ್ಕೆ ಪೆಟ್ರೋಲ್ ಏನೂ ಮಾಡಲಾರದು. ಹಾಗಾಗಿಯೇ ಅದು ಇಷ್ಟು ಕಾಲ ಗ್ಯಾರೇಜುಗಳಲ್ಲಿ ಮರ್ಯಾದೆಯಿಂದ ಬಾಳಿತು. ಆದರೆ ಪಾಲಿಷ್ ಹಾಕಿದ ಮೇಜಿನ ಮೇಲೆ ಸ್ಪಿರಿಟ್ ಚೆಲ್ಲಿದರೆ ಏನಾಗುತ್ತದೆಂದು ಬಡಗಿಗಳನ್ನು ಕೇಳಿ ನೋಡಿ. ಹೊಳಪು ಹೋಗಿ ಅಂಟಂಟಾಗುತ್ತದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿಯವರು ಇ20 ಪೆಟ್ರೋಲನ್ನು ಬಿಡುಗಡೆ ಮಾಡಿದರು. ಈಗ ಬಂಕಿನಲ್ಲಿ ಹಾಕಿಸುವ ಲೀಟರಿನಲ್ಲಿ ಸುಮಾರು 200 ಮಿಲಿ ಎಥನಾಲ್, ಅಂದರೆ ಸ್ಪಿರಿಟ್. ಅರಗನ್ನು ಕರಗಿಸುವ ದ್ರವವೇ ಟ್ಯಾಂಕಿನ ಐದನೇ ಒಂದು ಪಾಲಾಗಿರುವಾಗ ಅರಗಿನ ಮೇಲೆ ಭರವಸೆ ಇಡುವುದು ಹೇಗೆ? ಒಂದೇ ದಿನಕ್ಕೆ ಕರಗಿ ಹರಿಯಬೇಕೆಂದೇನಿಲ್ಲ, ಮೆತ್ತಗಾದರೂ ಸಾಕು. ಎಂಜಿನ್ನಿನ ನಡುಕಕ್ಕೆ ಮಿಕ್ಕ ಕೆಲಸ ಗೊತ್ತು.

ಯೆಜ್ಡಿ ಇಟ್ಟುಕೊಂಡವರಿಗೆ ಇದು ದೂರದ ಮಾತಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಗಾಡಿಗಳೆಲ್ಲ ಎಥನಾಲ್ ಬೆರೆಸದ ಪೆಟ್ರೋಲಿಗಾಗಿ ಹುಟ್ಟಿದವು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆಗಿನ ರಬ್ಬರು, ಆಗಿನ ಬೆಂಡು, ಆಗಿನ ಟ್ಯಾಂಕ್ ಲೇಪ ಯಾವುದಕ್ಕೂ ಈಗಿನ ಪೆಟ್ರೋಲಿನ ಪರಿಚಯವಿಲ್ಲ. ಜುಲೈ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನ ಹತ್ತಿರ ಬಂದಂತೆಲ್ಲ ವರ್ಷವಿಡೀ ನಿಂತ ಗಾಡಿಗಳನ್ನು ಎಬ್ಬಿಸುವ ಸಂಭ್ರಮ ಶುರುವಾಗುತ್ತದೆ. ಸೋರಿಕೆಯೂ ಆಗಲೇ ಶುರು. ಸೋರಿತು ಎಂದ ಕೂಡಲೇ ನಮ್ಮ ಕೈ ಹೋಗುವುದು ಅಂಟಿನ ಟ್ಯೂಬಿನ ಕಡೆಗೆ. ಪೆಟ್ರೋಲ್ ಸೋರುವ ಜಾಗದಲ್ಲಿ ಅಂಟನ್ನು ಹುಡುಕಬೇಡಿ, ಸೋರಲು ಕಾರಣವಾದ ಭಾಗವನ್ನು ಹುಡುಕಿ. ಈ ವಾರ ನಾನು ಹೇಳಬೇಕಾದದ್ದು ಇಷ್ಟೇ. ಇಷ್ಟನ್ನು ಕಲಿಯಲು ನನಗೆ ಒಂದು ಮಳೆಗಾಲ ಹಿಡಿಯಿತು.

ಆ ವರ್ಷ ನನ್ನ ಗಾಡಿಯ ಫ್ಲೋಟ್ ಬೌಲ್ ಅಂಚಿನಲ್ಲಿ ಜಿನುಗು. ಟೂ-ಸ್ಟ್ರೋಕ್ ಗಾಡಿಯ ಒಂದು ಉಪಕಾರವೆಂದರೆ ಸೋರಿಕೆ ಗುರುತು ಬಿಟ್ಟೇ ಹೋಗುತ್ತದೆ. ಪೆಟ್ರೋಲ್ ಆರಿದರೂ ಅದರಲ್ಲಿ ಬೆರೆಸಿದ ಆಯಿಲ್ ಅಲ್ಲೇ ಉಳಿದು ಧೂಳು ಹಿಡಿಯುತ್ತದೆ. ನಾನು ಹೊಸ ಪ್ಯಾಕಿಂಗ್ ತರುವ ಬದಲು ಕಿತ್ತಳೆ ಬಣ್ಣದ ಸಿಲಿಕಾನ್ ಗ್ಯಾಸ್ಕೆಟ್ ಪೇಸ್ಟನ್ನು ಸುತ್ತ ಹಿಂಡಿ ಬೌಲ್ ಬಿಗಿದೆ. ಎಂಟು ದಿನ ಒಂದು ಹನಿಯೂ ಇಲ್ಲ. ಒಂಬತ್ತನೇ ದಿನ ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಎಕ್ಸಲರೇಟರ್ ಬಿಟ್ಟ ಕೂಡಲೇ ಎಂಜಿನ್ ಸುಮ್ಮನಾಯಿತು. ಮತ್ತೆ ಸ್ಟಾರ್ಟ್ ಮಾಡಿದರೆ ಓಡುತ್ತದೆ, ಐಡಲಿಂಗ್‌ಗೆ ಬಂದರೆ ನಿಲ್ಲುತ್ತದೆ. ತಳ್ಳಿಕೊಂಡು ಗುರುತಿನ ಮೇಸ್ತ್ರಿ ಒಬ್ಬರ ಬಳಿ ಹೋದೆ. ಅವರು ಬೌಲ್ ಬಿಚ್ಚಿ ಬೆಳಕಿಗೆ ಹಿಡಿದರು. ಒಳ ಅಂಚಿಗೆ ಹಿಂಡಿಕೊಂಡು ಬಂದಿದ್ದ ಪೇಸ್ಟ್ ಪೆಟ್ರೋಲ್ ಕುಡಿದು ಊದಿಕೊಂಡು, ನೆನೆದ ಶಾವಿಗೆಯ ಹಾಗೆ ಎಳೆ ಎಳೆಯಾಗಿ ಬಿಟ್ಟುಕೊಂಡಿತ್ತು. ಅದರದೊಂದು ಚೂರು ಪೈಲಟ್ ಜೆಟ್ಟಿನ ಬಾಯಲ್ಲಿ ಕೂತಿತ್ತು.

"ಇದು ಆಯಿಲ್ ಇರೋ ಜಾಗಕ್ಕೆ ಸ್ವಾಮೀ, ಪೆಟ್ರೋಲಿಗಲ್ಲ. ಟ್ಯೂಬ್ ಮೇಲೇ ಬರ್ದಿರ್ತಾರೆ, ಓದೋರು ಯಾರು?" ಎಂದರು.

ಮನೆಗೆ ಬಂದು ಟ್ಯೂಬಿನ ಹಿಂಬದಿ ಓದಿದೆ. ಪೆಟ್ರೋಲ್ ತಾಗುವ ಜಾಗದಲ್ಲಿ ಬಳಸಬಾರದೆಂದು ಸಣ್ಣ ಅಕ್ಷರದಲ್ಲಿ ಇತ್ತು. ಮಾಮೂಲಿ ಸಿಲಿಕಾನ್‌ನ ಸ್ವಭಾವವೇ ಅದು. ಕಾವನ್ನು ತಡೆಯುತ್ತದೆ, ಎಂಜಿನ್ ಆಯಿಲನ್ನು ತಡೆಯುತ್ತದೆ, ಪೆಟ್ರೋಲಿನಲ್ಲಿ ಮಾತ್ರ ಊದಿ ಹಿಡಿತ ಬಿಡುತ್ತದೆ. ಬಣ್ಣ ಕೆಂಪಾಗಲಿ, ಕಪ್ಪಾಗಲಿ, ಬೂದಿಯಾಗಲಿ ಗುಣ ಅದೇ.

ಮೇಸ್ತ್ರಿ ಆಮೇಲೆ ಮಾಡಿದ್ದನ್ನು ನಾನು ಇಂದಿಗೂ ಹಾಗೆಯೇ ಮಾಡುತ್ತೇನೆ. ಬೌಲಿನ ಅಂಚಿನ ಮೇಲೆ ಮಾರ್ಕರ್ ಪೆನ್ನಿನಿಂದ ಸುತ್ತ ಗೆರೆ ಎಳೆದರು. ದಪ್ಪ ಗಾಜಿನ ತುಂಡಿನ ಮೇಲೆ ನಯವಾದ ಎಮರಿ ಕಾಗದ ಹಾಸಿ, ಎರಡು ಹನಿ ಆಯಿಲ್ ಬಿಟ್ಟು, ಬೌಲನ್ನು ಬೋರಲು ಹಾಕಿ 8ರ ಆಕಾರದಲ್ಲಿ ನಾಲ್ಕು ಸಲ ಆಡಿಸಿದರು. ಎತ್ತಿ ನೋಡಿದರೆ ಎರಡು ಸ್ಕ್ರೂ ಕಿವಿಗಳ ಹತ್ತಿರ ಗೆರೆ ಅಳಿಸಿದೆ, ನಡುವೆ ಹಾಗೇ ಉಳಿದಿದೆ. ಹಿಂದೆ ಯಾರೋ ಸ್ಕ್ರೂಗಳನ್ನು ಮಿತಿಮೀರಿ ಬಿಗಿದು ಕಿವಿಗಳನ್ನು ಎಳೆದುಬಿಟ್ಟಿದ್ದರು. ಬೌಲ್ ಬಾಗಿತ್ತು. ಸೋರಿಕೆಯ ಬೇರು ಅಲ್ಲಿತ್ತು, ನಾನು ಪೇಸ್ಟ್ ಬಳಿದು ಅದನ್ನು ಮುಚ್ಚಿಟ್ಟಿದ್ದೆ. ಸುತ್ತಲೂ ಗೆರೆ ಅಳಿಸುವ ತನಕ ಉಜ್ಜಿ, ತೊಳೆದು, ಹೊಸ ಪ್ಯಾಕಿಂಗನ್ನು ಒಣಗಿದ್ದಂತೆಯೇ ಕೂರಿಸಿದರು. ಯಾವ ಅಂಟೂ ಇಲ್ಲ. ವರ್ಷಗಳೇ ಕಳೆದವು, ಆ ಅಂಚು ಇನ್ನೂ ಒಣಗಿಯೇ ಇದೆ.

ಕಾಕ್‌ನದೂ ಇದೇ ಕಥೆ. ಅದರ ನಟ್ಟಿಗೆ ಟೆಫ್ಲಾನ್ ಟೇಪ್ ಸುತ್ತುವವರನ್ನು ದಿನಾ ನೋಡುತ್ತೇನೆ. ಟೆಫ್ಲಾನ್‌ಗೆ ಪೆಟ್ರೋಲಾಗಲಿ ಎಥನಾಲಾಗಲಿ ಏನೂ ಮಾಡುವುದಿಲ್ಲ, ನಿಜ. ಆದರೆ ಅಲ್ಲಿ ಪೆಟ್ರೋಲನ್ನು ತಡೆಯುವುದು ನಟ್ಟಿನ ಮರೆ (ಥ್ರೆಡ್) ಅಲ್ಲ, ತುದಿಯಲ್ಲಿ ಕೂರುವ ವಾಷರ್. ಮರೆಗೆ ಎಷ್ಟು ಸುತ್ತಿದರೂ ಸೀಳಿದ ವಾಷರ್ ಸೀಳಿದ್ದೇ. ಮೇಲಾಗಿ ಬಿಚ್ಚುವಾಗ ಟೇಪಿನ ಎಳೆ ಹರಿದು ಒಳಗೆ ಬೀಳುತ್ತದೆ. ಫೈಬರ್ ವಾಷರ್ ಒಂದು ಸಲಕ್ಕೆ ಮಾತ್ರ, ಬಿಚ್ಚಿದರೆ ಹೊಸದೇ ಹಾಕಬೇಕು. ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೃದುವಾಗಿ ಇನ್ನೊಂದು ಸರ್ತಿಗೆ ಬರುತ್ತದೆ. ಆ ಕಾಯಿಸುವ ಕೆಲಸ ಗಾಡಿ ಇರುವ ಕಡೆ ಬೇಡ, ಅಡುಗೆಮನೆಯಲ್ಲಿ ಮಾಡಿ. ಹಳೆಯ ಕಾಕ್‌ಗಳೊಳಗೆ ಬೆಂಡಿನ ಬಿಲ್ಲೆ ಇದ್ದರೆ ಅದು ಒದ್ದೆಯಾಗಿದ್ದಷ್ಟೂ ದಿನ ಚೆನ್ನ. ಟ್ಯಾಂಕ್ ಬರಿದು ಮಾಡಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಕುಗ್ಗುತ್ತದೆ. ಹೊಸ ಬೆಂಡನ್ನು ನೆನೆಸಿಯೇ ತೂರಿಸಬೇಕು.

ಇನ್ನು ರಬ್ಬರು. ಅಂಗಡಿಯಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಇಲ್ಲಿಯೇ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಸಾಲಿನಲ್ಲಿ ಒಮ್ಮೊಮ್ಮೆ ಕಾರ್ಖಾನೆ ಕಾಲದ ಪೊಟ್ಟಣಗಳು ಸಿಗುತ್ತವೆ. ಮುದ್ರೆ ಒಡೆಯದ ಹಳೆ ಸ್ಟಾಕ್ ಕಂಡರೆ ಯಾರಿಗಾದರೂ ಎದೆ ಹಿಗ್ಗುತ್ತದೆ. ಜೆಟ್, ನಟ್, ಹಿತ್ತಾಳೆ ನಿಪ್ಪಲ್ ಇದ್ದರೆ ಕಣ್ಣು ಮುಚ್ಚಿ ಕೊಳ್ಳಿ. ರಬ್ಬರ್ ಇದ್ದರೆ ಅಲ್ಲೇ ಬಿಡಿ. ಮೂವತ್ತು ವರ್ಷ ಪೊಟ್ಟಣದೊಳಗಿದ್ದ ಓರಿಂಗಿಗೂ ಮೂವತ್ತು ವರ್ಷ ವಯಸ್ಸಾಗಿದೆ. ಉಗುರಿನಿಂದ ಒತ್ತಿ ಬಾಗಿಸಿದರೆ ಹೊರ ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು ಬಾಯಿ ತೆರೆಯುತ್ತವೆ. ಪೆಟ್ರೋಲಿಗೆ ಸಾಮಾನ್ಯವಾಗಿ ಸಿಗುವುದು ನೈಟ್ರೈಲ್ ರಬ್ಬರ್. ಕಾರ್ಬೊರೇಟರ್ ಗಾಡಿಗೆ ಹೊಸದಾದ ಒಳ್ಳೆಯ ನೈಟ್ರೈಲ್ ನಡೆಯುತ್ತದೆ. ಆದರೂ ಎಥನಾಲ್ ಇರುವ ಪೆಟ್ರೋಲಿಗೆ ವಿಟಾನ್ ಜಾತಿಯ ರಬ್ಬರ್ ಹೆಚ್ಚು ತಾಳುತ್ತದೆ. ಬೆಲೆ ಹಲವು ಪಟ್ಟು. ಫ್ಲೋಟ್ ನೀಡಲ್‌ನ ತುದಿಗೂ ಕಾಕ್‌ನ ಓರಿಂಗಿಗೂ ನಾನು ಅದನ್ನೇ ಕೇಳುತ್ತೇನೆ, ಅಲ್ಲಿ ಉಳಿತಾಯ ನೋಡುವುದಿಲ್ಲ. ಕಾರ್ಬೊರೇಟರ್ ತೊಳೆಯುವ ಸ್ಪ್ರೇ ಬಳಸುವವರು ಮೊದಲು ಎಲ್ಲ ರಬ್ಬರನ್ನೂ ಬಿಚ್ಚಿ ಪಕ್ಕಕ್ಕಿಡಬೇಕು. ಹೊಸ ಓರಿಂಗ್ ಆ ಸ್ಪ್ರೇಯಲ್ಲಿ ನೆಂದು ದಪ್ಪವಾದರೆ ಮತ್ತೆ ತನ್ನ ತೋಡಿನೊಳಗೆ ಕೂರುವುದಿಲ್ಲ.

ಪೆಟ್ರೋಲ್ ಪೈಪ್ ಕೊಳ್ಳುವಾಗ ಅದರ ಮೈಮೇಲಿನ ಬರಹ ನೋಡಿ. ಎಸ್‌ಎಇ ಜೆ30 ಆರ್7 ಎಂದಿದ್ದರೆ ಕಾರ್ಬೊರೇಟರ್ ಗಾಡಿಯ ಪೈಪ್. ಆರ್9 ಎಂದಿದ್ದರೆ ಒಳಪದರ ವಿಟಾನ್ ಜಾತಿಯದು, ಇಂಜೆಕ್ಷನ್ ಒತ್ತಡಕ್ಕೂ ಬರುತ್ತದೆ. ಬರಹವೇ ಇಲ್ಲದ, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಪಾರದರ್ಶಕ ಪೈಪನ್ನು ನಾನು ಮುಟ್ಟುವುದಿಲ್ಲ. ಒಳಗೆ ಪೆಟ್ರೋಲ್ ಹರಿಯುವುದು ಕಾಣುತ್ತದೆ, ಚಂದವೂ ಹೌದು. ಆದರೆ ಅದನ್ನು ಮೆದುವಾಗಿಟ್ಟಿರುವ ಎಣ್ಣೆಯಂಥ ಅಂಶವನ್ನೇ ಪೆಟ್ರೋಲ್ ಎಳೆದುಕೊಳ್ಳುತ್ತದೆ. ಒಂದೆರಡು ಬೇಸಿಗೆಯಲ್ಲಿ ಹಳದಿಯಾಗಿ, ಹುಣಸೆ ಬರಲಿನಷ್ಟು ಗಡಸಾಗಿ, ನಿಪ್ಪಲಿನ ಕೊರಳಲ್ಲಿ ಟಕ್ಕನೆ ಮುರಿಯುತ್ತದೆ. ಅದರ ಕೆಳಗೆ ಇರುವುದು ಕಾದ ಸಿಲಿಂಡರ್. ಅನುಮಾನವಿದ್ದರೆ ಬೆರಳುದ್ದದ ತುಂಡನ್ನು ಅಳೆದು, ಬಂಕಿನ ಪೆಟ್ರೋಲ್ ಹಾಕಿದ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಒಂದು ವಾರ ಮನೆಯ ಹೊರಗೆ ನೆರಳಲ್ಲಿ ಇಡಿ. ಆಮೇಲೆ ಮತ್ತೆ ಅಳೆಯಿರಿ, ಬಾಗಿಸಿ, ಒಂದು ದಿನ ಆರಲು ಬಿಟ್ಟು ಮತ್ತೊಮ್ಮೆ ಬಾಗಿಸಿ. ಅಂಗಡಿಯವರು ಹೇಳದ್ದನ್ನು ಆ ತುಂಡೇ ಹೇಳುತ್ತದೆ.

ಇಂಜೆಕ್ಷನ್ ಗಾಡಿಗಳ ವಿಷಯ ಬೇರೆ. ಯೆಜ್ಡಿಯಲ್ಲಿ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಟ್ಯಾಂಕಿಗೂ ಕಾರ್ಬೊರೇಟರಿಗೂ ಒಂದು ಅಡಿ ಎತ್ತರದ ವ್ಯತ್ಯಾಸವಿದ್ದರೆ ಪೈಪಿನೊಳಗಿನ ಒತ್ತಡ ಒಂದು ಬಾರ್‌ನ ನೂರರಲ್ಲಿ ಎರಡು ಪಾಲಿನಷ್ಟು. 2020ರ ಬಿಎಸ್6 ನಂತರದ ಗಾಡಿಗಳಲ್ಲಿ ಪಂಪ್ ತಳ್ಳುವುದು ಸುಮಾರು 3 ಬಾರ್‌ನಲ್ಲಿ, ನೂರು ಪಟ್ಟಿಗೂ ಹೆಚ್ಚು. ಅಲ್ಲಿ ಜೋಡಣೆ ಬಿಟ್ಟರೆ ಹನಿ ಬೀಳುವುದಿಲ್ಲ, ಚಿಮ್ಮುತ್ತದೆ. ಅಂಥ ಗಾಡಿಯ ಪೈಪು, ಅದರ ಕೊಂಡಿ, ಪಂಪಿನ ಕೆಳಗಿನ ರಬ್ಬರ್ ರಿಂಗ್ ಇವೆಲ್ಲ ಕಂಪನಿಯದೇ ಆಗಬೇಕು. ಇಲ್ಲಿ ನಾನು ಯಾವ ಬದಲಿಯನ್ನೂ ಒಪ್ಪುವುದಿಲ್ಲ.

ಟ್ಯಾಂಕಿಗೆ ತೂತು ಬಿದ್ದಾಗ ಬರುವ ಆಸೆ ಎಂಸೀಲ್. ಎರಡು ಬಣ್ಣದ ಕಣಕವನ್ನು ಕಲಸಿ ಮೆತ್ತಿದರೆ ಊರು ಸೇರಬಹುದು, ಅಷ್ಟಕ್ಕೆ ಮಾತ್ರ. ತೂತು ಸಾಮಾನ್ಯವಾಗಿ ಬೀಳುವುದು ಟ್ಯಾಂಕಿನ ಅತ್ಯಂತ ತಗ್ಗಿನ ಮೂಲೆಯಲ್ಲಿ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ನೀರು ಹೆಚ್ಚಾದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತವೆ, ತಳ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗೆ ಸೂಜಿಮೊನೆಯಷ್ಟು ಕಂಡರೂ ಒಳಗೆ ರೂಪಾಯಿ ಅಗಲ ತಗಡು ತೆಳುವಾಗಿರುತ್ತದೆ. ಅದಕ್ಕೆ ಇರುವ ದಾರಿ ಹಿತ್ತಾಳೆ ಬೆಸುಗೆ ಇಲ್ಲವೇ ವೆಲ್ಡಿಂಗ್, ಅದೂ ಟ್ಯಾಂಕ್ ಕೆಲಸವನ್ನೇ ಮಾಡುವವರ ಕೈಯಲ್ಲಿ. ಪೆಟ್ರೋಲ್ ಚೆಲ್ಲಿ ಬರಿದಾಯಿತೆಂದು ಬೆಂಕಿ ಹಿಡಿಯುವವರಿಗೆ ಟ್ಯಾಂಕ್ ಕೊಡಬೇಡಿ. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕ್ ಅಪಾಯ, ಏಕೆಂದರೆ ಅದರಲ್ಲಿ ಉಳಿಯುವುದು ಆವಿ ಮತ್ತು ಗಾಳಿ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಿಂದ ಏಳೂವರೆ ಪಾಲಿನಷ್ಟು ಪೆಟ್ರೋಲ್ ಆವಿ ಇದ್ದರೆ ಒಂದು ಕಿಡಿ ಸಾಕು. ಬಿಸಿನೀರು, ಸೋಪಿನಲ್ಲಿ ಹಲವು ಬಾರಿ ತೊಳೆದು, ನೀರು ತುಂಬಿ, ಬೆಸುಗೆ ಬೀಳುವ ಜಾಗವನ್ನಷ್ಟೇ ನೀರಿನ ಮಟ್ಟದಿಂದ ಮೇಲೆ ಉಳಿಸಿಕೊಂಡು ಕೆಲಸ ಮಾಡುವವರನ್ನು ಹುಡುಕಿ.

ಮನೆಯಲ್ಲಿ ಮಾಡುವ ಸಣ್ಣ ಕೆಲಸಕ್ಕೂ ಇದೇ ಎಚ್ಚರ ಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲಕ್ಕೆ ಹೋಗಿ ಕರಗುವುದಿಲ್ಲ, ನೆಲದ ಮೇಲೆ ಹರಿದು ತಗ್ಗು ಹುಡುಕುತ್ತದೆ. ವಠಾರದ ಮನೆಗಳಲ್ಲಿ ಜಗುಲಿಯ ಮೇಲೆ ಕಾರ್ಬೊರೇಟರ್ ಬಿಚ್ಚುತ್ತಿರುವಾಗ ಹೊಸ್ತಿಲ ಆಚೆ ದೇವರ ಮುಂದೆ ದೀಪ ಉರಿಯುತ್ತಿರುತ್ತದೆ, ಪಕ್ಕದ ಬಚ್ಚಲಲ್ಲಿ ಒಲೆ. ನಮ್ಮ ಮನೆಯಲ್ಲಿ ನಾನು ಸ್ಪ್ಯಾನರ್ ಹಿಡಿಯುವ ದಿನ ದೀಪ ಆರುವ ತನಕ ಕಾಯುತ್ತೇನೆ. ಬ್ಯಾಟರಿಯ ನೆಗೆಟಿವ್ ಬಿಚ್ಚುತ್ತೇನೆ. ಒಂದು ಬಕೆಟ್ ಒಣ ಮರಳನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳುತ್ತೇನೆ, ಪೆಟ್ರೋಲ್ ಬೆಂಕಿಗೆ ನೀರು ಎರಚಿದರೆ ಅದು ತೇಲಿ ಹರಡುತ್ತದೆ.

ಎಲ್ಲ ಕೂರಿಸಿದ ಮೇಲೆ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಟ್ಯಾಂಕ್ ತುಂಬಿಸಿ, ಕಾಕ್ ತೆರೆದು, ಕೆಳಗೆ ಹಳೆ ಪೇಪರ್ ಹಾಸಿ ಒಂದು ಗಂಟೆ ಪಕ್ಕದಲ್ಲೇ ಕೂರುತ್ತೇನೆ. ಎಂಜಿನ್ ಸ್ಟಾರ್ಟ್ ಮಾಡುವುದಿಲ್ಲ. ಹನಿ ಬಿದ್ದರೆ ಪೆಟ್ರೋಲ್ ಆರಿದರೂ ಆಯಿಲ್ ಉಂಗುರ ಪೇಪರಿನ ಮೇಲೆ ಉಳಿಯುತ್ತದೆ, ಎಲ್ಲಿಂದ ಬಿತ್ತೆಂದು ನೇರ ಮೇಲೆ ನೋಡಿದರೆ ಗೊತ್ತಾಗುತ್ತದೆ. ಕಳೆದ ಭಾನುವಾರ ಕಾಕ್‌ಗೆ ಹೊಸ ಫೈಬರ್ ವಾಷರ್, ಹೊಸ ವಿಟಾನ್ ಓರಿಂಗ್ ಹಾಕಿ, ಶೆಲ್ಯಾಕ್ ಮುಟ್ಟದೆ ಹೀಗೆ ಕೂತಿದ್ದೆ. ಗಂಟೆ ಕಳೆದ ಮೇಲೆ ಪೇಪರನ್ನು ಬಿಸಿಲಿಗೆ ಹಿಡಿದು ಎರಡೂ ಬದಿ ನೋಡಿದೆ. ಅಚ್ಚಿನ ಅಕ್ಷರ ಬಿಟ್ಟರೆ ಬೇರೆ ಯಾವ ಗುರುತೂ ಇರಲಿಲ್ಲ. ಆಮೇಲೆ ಕಿಕ್ ಹೊಡೆದೆ.