ವ್ಯಾನು ಹೋದ ಮೇಲೆ ಬಂದ ಸುದ್ದಿ

ರಾತ್ರಿ ಎಂಟು ಗಂಟೆಗೆ ಮೈಸೂರಿನ ಕುವೆಂಪುನಗರದಿಂದ ಒಂದು ಫೋನು. "ಏನ್ರೀ ಇದು, ಮಗಳು ಊಟ ಮಾಡಿ ಮಲ್ಕೊಂಡಿದ್ದಾಳೆ. ಸ್ಕೂಲ್ ವ್ಯಾನು ಇನ್ನೈದು ನಿಮಿಷದಲ್ಲಿ ಬರುತ್ತೆ ಅಂತ ನಿಮ್ಮ ಆ್ಯಪು ಬಡ್ಕೋತಾ ಇದೆ!" ಒಂದಲ್ಲ, ಏಳು ಸಂದೇಶ. ಆ ತಾಯಿ ಬೆಳಿಗ್ಗೆ ಆಫ್ ಮಾಡಿದ್ದ ಮೊಬೈಲ್ ಡೇಟಾವನ್ನು ಆಗಷ್ಟೇ ಹಾಕಿದ್ದರು. ಒಂದು ಶಾಲೆಗೆ ಆ ವ್ಯವಸ್ಥೆ ಕಟ್ಟಿಕೊಟ್ಟವನು ನಾನೇ. ಸರ್ವರಿನ ಲಾಗ್ ತೆಗೆದು ನೋಡಿದೆ. ಏಳರ ಮುಂದೆಯೂ 'ಯಶಸ್ವಿ' ಎಂದಿತ್ತು.

ಸುದ್ದಿ ಕಳಿಸಿದವನು ಉತ್ತರಕ್ಕೆ ಕಾಯದೆ ತನ್ನ ಮುಂದಿನ ಕೆಲಸಕ್ಕೆ ಹೋಗುವುದನ್ನು ನಮ್ಮ ಕಸುಬಿನಲ್ಲಿ ಅಸಿಂಕ್ರೊನಸ್ ಎನ್ನುತ್ತೇವೆ. ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ ಮನೆಗೆ ಬಂದ ಹಾಗೆ. ಈ ಪದ್ಧತಿಯ ಬಗ್ಗೆ ನನ್ನ ತಕರಾರಿಲ್ಲ. ಸಾವಿರ ಫೋನುಗಳಿಗೆ ಒಂದೊಂದಾಗಿ ಕಾಯುತ್ತ ಕೂತರೆ ಯಾವ ಸರ್ವರೂ ಉಳಿಯದು. ತಕರಾರಿರುವುದು ನಾವು ಅದನ್ನು ಹೊಂದಿಸುವ ರೀತಿಯ ಬಗ್ಗೆ. 'ಒಂದೇ ಒಂದು ಸಂದೇಶ ಕಳೆದುಹೋಗಬಾರದು' ಎಂಬುದನ್ನು ನಾವು ವ್ರತದ ಹಾಗೆ ಹಿಡಿದಿದ್ದೇವೆ. ಯಾವ ಸಂದೇಶ ಎಷ್ಟು ಹೊತ್ತು ನಿಜ ಎಂದು ಯಾರೂ ಕೇಳುವುದಿಲ್ಲ.

ಆಂಡ್ರಾಯ್ಡ್ ಫೋನಿಗೆ ಸಂದೇಶ ಕಳಿಸಲು ಬಹುಮಂದಿ ಬಳಸುವುದು ಗೂಗಲ್‌ನ ಫೈರ್‌ಬೇಸ್ ಸೇವೆ. ಆಯಸ್ಸು ಇಷ್ಟು ಎಂದು ನಾವು ಹೇಳದೆ ಬಿಟ್ಟರೆ, ಫೋನು ಸಿಗದಿದ್ದಾಗ ಅದು ಸಂದೇಶವನ್ನು ನಾಲ್ಕು ವಾರ ಕಾದಿಡುತ್ತದೆ. ಐದು ನಿಮಿಷದ ಸುದ್ದಿಗೆ 28 ದಿನದ ಆಯಸ್ಸು! ಇದು ಅವರ ತಪ್ಪಲ್ಲ, ದಾಖಲೆಯಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ. ಓದದೆ ಡಿಫಾಲ್ಟ್ ಬಿಟ್ಟವನು ನಾನು. ಒಂದೇ ವಿಷಯದ ಹೊಸ ಸಂದೇಶ ಬಂದರೆ ಕಾಯುತ್ತಿರುವ ಹಳೆಯದನ್ನು ತಳ್ಳಿಹಾಕು ಎನ್ನುವ ಸೌಲಭ್ಯವೂ ಅಲ್ಲೇ ಇದೆ. ಅದನ್ನೂ ಮುಟ್ಟಿರಲಿಲ್ಲ.

ಸರಿ, ವ್ಯಾನು ದಿನಕ್ಕೆ ಎರಡು ಸಲ ಬರುತ್ತದೆ, ಏಳು ಸಂದೇಶ ಎಲ್ಲಿಂದ? ವ್ಯಾನಿನ ಜಿಪಿಎಸ್ ಪೆಟ್ಟಿಗೆಯ ಸರ್ವರ್ ನಮ್ಮ ಸರ್ವರಿಗೆ ಸುದ್ದಿ ಮುಟ್ಟಿಸುತ್ತಿತ್ತು. ನಾನು ಬರೆದ ಕೋಡು ಎಲ್ಲ ಪೋಷಕರಿಗೂ ಸಂದೇಶ ಕಳಿಸಿ ಮುಗಿಸಿದ ಮೇಲೆಯೇ 'ಬಂತು' ಎಂದು ಉತ್ತರ ಕೊಡುತ್ತಿತ್ತು. ಅಷ್ಟರಲ್ಲಿ ಆ ಕಡೆಯವರಿಗೆ ತಾಳ್ಮೆ ಮುಗಿದು ಅದೇ ಸುದ್ದಿ ಮತ್ತೆ ಬರುತ್ತಿತ್ತು. ಮೊದಲು 'ಬಂತು' ಎಂದು ಹೇಳಿ, ಸುದ್ದಿಯನ್ನು ಕ್ಯೂಗೆ ಹಾಕಿ, ಹಂಚುವ ಕೆಲಸ ಆಮೇಲೆ ಮಾಡಬೇಕು. ಪ್ರತಿ ಸುದ್ದಿಯ ಗುರುತಿನ ಸಂಖ್ಯೆ ಬರೆದಿಟ್ಟುಕೊಂಡು, ಎರಡನೇ ಸಲ ಬಂದರೆ ಸುಮ್ಮನೆ ಬದಿಗಿಡಬೇಕು. ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವವರಿಗೂ ಗೊತ್ತಿರುವ ಲೆಕ್ಕ ಇದು.

ಹಾಗಂತ ಮತ್ತೆ ಮತ್ತೆ ಕಳಿಸುವುದು ಎಲ್ಲ ಕಡೆಯೂ ತಪ್ಪಲ್ಲ. ಸರ್ವರ್ ಯಂತ್ರಗಳನ್ನು ದೂರದಿಂದ ನೋಡಿಕೊಳ್ಳಲು ರೆಡ್‌ಫಿಶ್ ಎಂಬ ಮಾನದಂಡವಿದೆ. ಸುದ್ದಿ ತಲುಪದಿದ್ದರೆ ಎಷ್ಟು ಸಲ ಪ್ರಯತ್ನಿಸಬೇಕು, ನಡುವೆ ಎಷ್ಟು ಸೆಕೆಂಡು ಬಿಡಬೇಕು, ಸೋತ ಮೇಲೆ ಸುದ್ದಿ ಪಡೆಯುವವರ ಚಂದಾ ರದ್ದು ಮಾಡಬೇಕೋ, ತಡೆದಿಡಬೇಕೋ, ಕೊನೆಯಿಲ್ಲದೆ ಪ್ರಯತ್ನಿಸಬೇಕೋ ಎಂದು ಅದು ನಮ್ಮನ್ನೇ ಕೇಳುತ್ತದೆ. ಫ್ಯಾನು ಕೆಟ್ಟಿದೆ ಎಂಬ ಸುದ್ದಿಗೆ ಕೊನೆಯಿಲ್ಲದ ಪ್ರಯತ್ನ ತಕ್ಕದ್ದೇ, ರಿಪೇರಿಯಾಗುವ ತನಕ ಅದು ನಿಜವಾಗಿಯೇ ಇರುತ್ತದೆ. ಅದೇ ಸೆಟ್ಟಿಂಗನ್ನು ಶಾಲಾ ವ್ಯಾನಿಗೆ ಹಾಕಿದರೆ ಹುಚ್ಚಾಟ.

ನನ್ನ ಆ್ಯಪಿಗೆ ಹೋಲಿಸಿ ನೋಡಲು ನಮ್ಮ ಊರಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ವಿಶ್ವ ಬ್ಯಾಂಕ್ ನೆರವಿನಿಂದ ಕೆಎಸ್‌ಆರ್‌ಟಿಸಿ 2012ರಲ್ಲಿ ಮೈಸೂರಿನಲ್ಲಿ ತಂದ 'ಮಿತ್ರ' ಯೋಜನೆ: ಸುಮಾರು 500 ಬಸ್ಸುಗಳಲ್ಲಿ ಜಿಪಿಎಸ್, ನೂರಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ಬಸ್ಸು ಬರುವ ಹೊತ್ತು ತೋರಿಸುವ ಫಲಕ, ನಡುವೆ ಒಂದು ನಿಯಂತ್ರಣ ಕೇಂದ್ರ. ಆ ವಿನ್ಯಾಸದ ಜಾಣತನ ನನಗೆ ಆ ರಾತ್ರಿಯ ಫೋನು ಬಂದ ಮೇಲೆ ಹೊಳೆಯಿತು. ಫಲಕದಲ್ಲಿ ಹೊಸ ಸಾಲು ಬಂದರೆ ಹಳೆಯದು ಅಳಿಯುತ್ತಿತ್ತು. ಮಧ್ಯಾಹ್ನದ ಬಸ್ಸಿನ ಸುದ್ದಿಯನ್ನು ಅದು ರಾತ್ರಿಗೆ ಕೂಡಿಡುತ್ತಿರಲಿಲ್ಲ. ದಸರೆಯ 21 ಕುಶಾಲತೋಪಿನಂತೆಯೇ ಇದೂ: ಕೇಳಿದವರಿಗೆ ಕೇಳಿತು, ಮರುದಿನ ಯಾರ ಕಿವಿಗೂ ಅದು ಬಂದು ಬಡಿಯುವುದಿಲ್ಲ. ಆದರೆ ಇಂಥ ಫಲಕಗಳಿಗೂ ಒಂದು ಕೊರತೆ ಇದೆ. ಅಲ್ಲಿ ನಿಂತವರಿಗೆ ಮಾತ್ರ ಕಾಣುತ್ತವೆ. ಬಸ್ಸಿನ ಸಿಗ್ನಲ್ ಕಡಿದಾಗ ಕೊನೆಯ ಅಂಕಿಯನ್ನೇ ಹಿಡಿದು ನಿಂತರೆ, ನೋಡುವವನಿಗೆ ಅದು ಈಗಿನದೋ ಹತ್ತು ನಿಮಿಷ ಹಿಂದಿನದೋ ತಿಳಿಯದು. 'ಮಾಹಿತಿ ಇಲ್ಲ' ಎಂದು ತೋರಿಸುವಷ್ಟು ಪ್ರಾಮಾಣಿಕತೆಯನ್ನು ಫಲಕ ಮಾಡುವವರೂ ಆ್ಯಪು ಮಾಡುವ ನಾವೂ ಕಲಿಯಬೇಕು.

ಈಗ ಆ ಶಾಲೆಯ ವ್ಯಾನಿನ ಸಂದೇಶಕ್ಕೆ 300 ಸೆಕೆಂಡಿನ ಆಯಸ್ಸು ಕೊಟ್ಟಿದ್ದೇನೆ. ಅಷ್ಟರೊಳಗೆ ಫೋನು ಸಿಗದಿದ್ದರೆ ಅದು ಅಲ್ಲಿಗೇ ಮುಗಿಯುತ್ತದೆ. ಡೇಟಾ ಆಫ್ ಇದ್ದ ದಿನ ಕುವೆಂಪುನಗರದ ಆ ತಾಯಿ ಮೊದಲಿನ ಹಾಗೆ ಗೇಟಿಗೆ ಬಂದು, ರಸ್ತೆಯ ತಿರುವನ್ನು ನೋಡುತ್ತ ನಿಲ್ಲುತ್ತಾರೆ.