ಕೈ ಕಲಿತದ್ದನ್ನು ಕಾಯುವ ಆಟ

2004ರಲ್ಲಿ ವಾಲ್ವ್ ಕಂಪನಿ ‘ಕೌಂಟರ್-ಸ್ಟ್ರೈಕ್: ಸೋರ್ಸ್’ ಹೊರತಂದಾಗ ನೋಟದಲ್ಲಿ ಅದು ಹಳೆಯ 1.6 ಆವೃತ್ತಿಯನ್ನು ಎಷ್ಟೋ ಹಿಂದೆ ಹಾಕಿತ್ತು. ಬೆಳಕು ನೆರಳುಗಳು ನಿಜವೆನಿಸುತ್ತಿದ್ದವು, ಪೀಪಾಯಿಗಳು ಗುಂಡೇಟಿಗೆ ಉರುಳುತ್ತಿದ್ದವು. ಆದರೂ ಪಂದ್ಯಾವಳಿಗಳಲ್ಲಿ ಆಡುತ್ತಿದ್ದವರಲ್ಲಿ ಬಹಳಷ್ಟು ಜನ ಹಳೆಯದನ್ನು ಬಿಡಲಿಲ್ಲ. ಮುಂದೆ ಏಳೆಂಟು ವರ್ಷ ದೊಡ್ಡ ಅಂತರರಾಷ್ಟ್ರೀಯ ಪಂದ್ಯಗಳು 1.6ರಲ್ಲೇ ನಡೆದವು. ಒಂದು ಶೂಟರ್ ಆಟಕ್ಕೆ ಜನ ಏಕೆ ನಿಷ್ಠರಾಗಿರುತ್ತಾರೆ ಎಂದು ಕೇಳಿದರೆ ಥಟ್ಟನೆ ಬರುವ ಉತ್ತರಗಳು ಬ್ರ್ಯಾಂಡಿನ ಮೋಹ, ಜಾಹೀರಾತು, ಹೊಸತನದ ಸೆಳೆತ. ಈ ಘಟನೆಯ ಮುಂದೆ ಅವು ಯಾವುವೂ ನಿಲ್ಲುವುದಿಲ್ಲ. ಕಂಪನಿ ಅದೇ, ಹೆಸರು ಅದೇ, ರೂಪ ಇನ್ನೂ ಚೆಂದ, ಆದರೂ ಬೇಡವೆಂದರು. ಗುಂಡು ಹಾರುವ ರೀತಿ, ಹೆಜ್ಜೆ ನಿಲ್ಲುವ ರೀತಿ ಬದಲಾಗಿತ್ತು. ವರ್ಷಗಟ್ಟಲೆ ಕೈಗೆ ಹತ್ತಿಸಿಕೊಂಡಿದ್ದ ವಿದ್ಯೆ ಅಲ್ಲಿ ಪೂರ್ತಿ ನಡೆಯುತ್ತಿರಲಿಲ್ಲ. ಕೌಂಟರ್-ಸ್ಟ್ರೈಕ್ ಕಾಲು ಶತಮಾನ ಬಾಳಿದ ಗುಟ್ಟು ಇಲ್ಲೇ ಇದೆ ಎಂದು ನಾನು ನಂಬುತ್ತೇನೆ. ಕಲಿತದ್ದನ್ನು ಹಾಳಾಗಲು ಬಿಡದ ಆಟವನ್ನು ಆಟಗಾರ ಸುಲಭಕ್ಕೆ ತೊರೆಯುವುದಿಲ್ಲ.

ಆ ಕಲಿಕೆ ಎಂಥದ್ದು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1999ರಲ್ಲಿ ಮಿನ್ ಲೆ ಮತ್ತು ಜೆಸ್ ಕ್ಲಿಫ್ ‘ಹಾಫ್-ಲೈಫ್’ ಆಟವನ್ನು ಮಾರ್ಪಡಿಸಿ ಕಟ್ಟಿದ ಈ ಮಾಡ್‌ನ ನಿಯಮಗಳನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಐದು ಜನರ ತಂಡವೊಂದು ಬಾಂಬ್ ಇಡಬೇಕು, ಎದುರಿನ ಐವರು ತಡೆಯಬೇಕು; ಸತ್ತವರು ಆ ರೌಂಡ್ ಮುಗಿಯುವವರೆಗೆ ನೋಡುತ್ತ ಕೂರಬೇಕು. ಕಷ್ಟವೆಲ್ಲ ಕೈಯಲ್ಲಿದೆ. ಓಡುತ್ತ ಹೊಡೆದರೆ ಗುಂಡು ಚದುರುತ್ತದೆ; ಎದುರು ದಿಕ್ಕಿನ ಕೀಲಿಯನ್ನು ಕ್ಷಣಮಾತ್ರ ಒತ್ತಿ, ನಿಂತು, ಹೊಡೆಯಬೇಕು. ಎಕೆ-47ರ ಸ್ಪ್ರೇ, ಅಂದರೆ ಬಿಡದೆ ಹಾರಿಸಿದ ಗುಂಡುಗಳ ಸಾಲು, ಮೊದಲು ಮೇಲಕ್ಕೇರಿ ಆಮೇಲೆ ಪಕ್ಕಕ್ಕೆ ಹೊರಳುತ್ತದೆ. ಮೌಸ್ ಹಿಡಿದ ಕೈ ಅದನ್ನು ಯೋಚಿಸದೆ ಕೆಳಗೆಳೆಯುವಂತಾಗಲು ತಿಂಗಳುಗಳು ಬೇಕು. ಇದರ ಜೊತೆಗೆ ಹಣದ ಲೆಕ್ಕ. ಮೊದಲ ರೌಂಡಿಗೆ ಕೈಯಲ್ಲಿರುವುದು 800 ಡಾಲರ್, ಎಕೆ ಬೆಲೆ 2,700, ಎಡಬ್ಲ್ಯೂಪಿ ಸ್ನೈಪರ್‌ದು 4,750. ಸೋತ ತಂಡ ಈ ರೌಂಡ್ ಪಿಸ್ತೂಲಿನಲ್ಲೇ ಕಳೆದು ಮುಂದಿನದಕ್ಕೆ ಉಳಿಸಬೇಕೇ, ಇದ್ದದ್ದನ್ನೆಲ್ಲ ಸುರಿದು ಈಗಲೇ ನುಗ್ಗಬೇಕೇ? ಎದುರಾಳಿಯ ಜೇಬಿನಲ್ಲಿ ಎಷ್ಟಿರಬಹುದು? ಇನ್ನು ಜಾಗದ ಪರಿಚಯ. ಡೇವ್ ಜಾನ್ಸ್‌ಟನ್ 2001ರಲ್ಲಿ ರೂಪಿಸಿದ ‘ಡಸ್ಟ್ 2’ ಮ್ಯಾಪಿನ ಮೈಕಟ್ಟು ಇಂದಿಗೂ ಅದೇ. ಯಾವ ಮೂಲೆಯಲ್ಲಿ ಯಾರು ಅಡಗಬಹುದೆಂದು ಹತ್ತು ಮಂದಿಗೂ ಗೊತ್ತು. ಗೊತ್ತಿರುವುದರಿಂದಲೇ ಅದು ಬೇಸರ ತರುವುದಿಲ್ಲ. ಕಥೆ ಬಾಯಿಪಾಠವಾಗಿರುವ ಯಕ್ಷಗಾನ ಪ್ರಸಂಗಕ್ಕೆ ಜನ ಮತ್ತೆ ಹೋಗಿ ಕೂರುವುದು ಇಂದಿನ ವೇಷಧಾರಿ ಆ ಮಾತಿಗೆ ಏನು ಉತ್ತರ ಕೊಡುತ್ತಾನೆಂದು ಕೇಳಲು. ಇಲ್ಲಿನ ಕುತೂಹಲವೂ ಆ ಜಾತಿಯದು.

ಕಲಿಕೆಯೇ ಆಟಗಾರನನ್ನು ಹಿಡಿದಿಟ್ಟಿದೆ ಎಂಬ ಈ ಮಾತಿಗೆ ಬರುವ ಗಟ್ಟಿಯಾದ ಆಕ್ಷೇಪ ಸ್ಕಿನ್‌ಗಳದ್ದು. 2013ರ ಆಗಸ್ಟ್‌ನಲ್ಲಿ ವಾಲ್ವ್ ಬಂದೂಕುಗಳಿಗೆ ಬಣ್ಣದ ಹೊದಿಕೆಗಳನ್ನು ತಂದಿತು. ಕೀ ಕೊಂಡು ಪೆಟ್ಟಿಗೆ ತೆರೆದರೆ ಅದೃಷ್ಟದ ಮೇಲೆ ಒಂದು ಸಿಗುತ್ತದೆ, ಅದನ್ನು ಮಾರಲೂಬಹುದು. ದುಡ್ಡು ಹೂತವರು ಎದ್ದು ಹೋಗಲಾರರು, ನೀವು ನಿಷ್ಠೆ ಎನ್ನುತ್ತಿರುವುದು ಸಿಕ್ಕಿಬಿದ್ದ ಸ್ಥಿತಿ ಎಂಬುದು ವಾದ. ಅದರಲ್ಲಿ ಒಪ್ಪಬೇಕಾದ್ದು ಬಹಳವಿದೆ. ಪೆಟ್ಟಿಗೆ ತೆರೆಯುವುದು ಜೂಜಿಗೆ ತೀರ ಸಮೀಪದ ಕ್ರಿಯೆ. 2018ರಲ್ಲಿ ಬೆಲ್ಜಿಯಂ ಇಂಥ ಪೆಟ್ಟಿಗೆಗಳನ್ನು ಜೂಜಿನ ಕಾನೂನಿನಡಿ ತಂದದ್ದು ಸರಿಯಾದ ಕ್ರಮ. ಹದಿಹರೆಯದವರು ಆಡುವ ಆಟದಲ್ಲಿ ಇದು ಉಳಿದಿರುವುದು ಅಕ್ಷಮ್ಯ. ಆಟಕ್ಕೆ ಮುಂದೆ ದೊಡ್ಡ ಜನಸಾಗರ ಬಂದದ್ದಕ್ಕೆ ಈ ಸ್ಕಿನ್‌ಗಳೂ ಕಾರಣ. ಆದರೆ ಅವು ಬರುವ ಮುನ್ನ ಹದಿನಾಲ್ಕು ವರ್ಷ ಜನ ಇದೇ ಆಟವನ್ನು ಆಡಿದ್ದರು, ಮಾರಲು ಕೈಯಲ್ಲಿ ಏನೂ ಇಲ್ಲದೆ. 2000ರ ದಶಕದಲ್ಲಿ ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ, ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್‌ಗಳಲ್ಲಿ ಬಡಪಾಯಿ ಕಂಪ್ಯೂಟರುಗಳನ್ನು ಲ್ಯಾನ್‌ನಲ್ಲಿ ಜೋಡಿಸಿ 1.6 ಆಡುತ್ತಿದ್ದವರನ್ನು ಯಾವ ಸ್ಕಿನ್ ಹಿಡಿದಿಟ್ಟಿತ್ತು? ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ದುಬಾರಿಯ ಸ್ಕಿನ್ ಹಾಕಿದರೂ ಗುಂಡಿನ ಬಲ ಹೆಚ್ಚುವುದಿಲ್ಲ. ಹಣ ಆಟದ ಅಂಗಳದೊಳಗೆ ಕಾಲಿಡದಂತೆ ಕಂಪನಿ ಗೆರೆ ಎಳೆದಿದೆ, ಆ ಗೆರೆಯನ್ನು ಇಲ್ಲಿಯವರೆಗೆ ದಾಟಿಲ್ಲ.

ಜನ ಬಿಟ್ಟೂ ಹೋಗಿದ್ದಾರಲ್ಲ ಎಂದು ಕೇಳಬಹುದು. ಹೌದು, 2020ರ ಜೂನ್‌ನಲ್ಲಿ ರಾಯಟ್ ಕಂಪನಿಯ ‘ವ್ಯಾಲೊರಂಟ್’ ಬಂದಾಗ ಉತ್ತರ ಅಮೆರಿಕದ ವೃತ್ತಿಪರರಲ್ಲಿ ಅನೇಕರು ಅತ್ತ ನಡೆದರು. ಆದರೆ ಅವರು ಹೋದದ್ದು ಎಲ್ಲಿಗೆ? ಅಲ್ಲೂ ಐದಕ್ಕೆ ಐದು, ಬಾಂಬಿನಂಥದ್ದೇ ಒಂದು ಸಾಧನ, ರೌಂಡಿನಿಂದ ರೌಂಡಿಗೆ ಹಣದ ಲೆಕ್ಕ, ನಿಂತು ಹೊಡೆದರೆ ಮಾತ್ರ ಗುರಿ. ಹಳೆಯ ಕೈ ನಡೆಯುವ ಕಡೆಗೇ ಹೋದರು. ಇದು ನನ್ನ ವಾದಕ್ಕೆ ಬಲವೇ ಹೊರತು ಪೆಟ್ಟಲ್ಲ. ವ್ಯಾಲೊರಂಟ್ ಒಳ್ಳೆಯ ಆಟ, ಅದರಲ್ಲಿ ಅನುಮಾನವಿಲ್ಲ. ಏಜೆಂಟ್‌ಗಳೆಂಬ ಹೊಸ ಹೊಸ ಪಾತ್ರಗಳು ಬರುತ್ತಲೇ ಇರುವುದರಿಂದ ಆಟಗಾರ ಅಲ್ಲಿ ಸದಾ ಹೊಸ ಪಾಠ ಓದುತ್ತಿರಬೇಕು, ಅದನ್ನು ಇಷ್ಟಪಡುವವರೂ ಇದ್ದಾರೆ. ನನಗೆ ಕೌಂಟರ್-ಸ್ಟ್ರೈಕ್‌ನ ಸಂಯಮ ಹೆಚ್ಚಿನದೆನಿಸುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ‘ಕೌಂಟರ್-ಸ್ಟ್ರೈಕ್ 2’ ಬಂದಾಗ ಗೆಲುವಿಗೆ ಬೇಕಾದ ರೌಂಡುಗಳು 16ರಿಂದ 13ಕ್ಕೆ ಇಳಿದವು, ಗ್ರೆನೇಡ್ ಎಸೆದರೆ ಸ್ಮೋಕ್ ಬಾಂಬಿನ ಹೊಗೆಯ ನಡುವೆ ಕಿಂಡಿ ತೆರೆಯುವಂತಾಯಿತು. ಇವನ್ನು ಜನ ಬೇಗ ಒಪ್ಪಿಕೊಂಡರು, ಹಳೆಯ ತಿಳಿವಳಿಕೆಯ ಮೇಲೆ ಇವು ಒಂದು ಪದರ ಸೇರಿಸಿದ್ದರಿಂದ. ಹೊಡೆದ ಗುಂಡು, ಇಟ್ಟ ಹೆಜ್ಜೆ ಮುಂಚಿನಂತೆ ಕೈಗೆ ಸಿಗುತ್ತಿಲ್ಲ ಎಂಬ ದೂರು ಮಾತ್ರ ಬಹುಕಾಲ ಆರಲಿಲ್ಲ. ಸೋರ್ಸ್ ಕಾಲದ ಮುನಿಸು ಅದೇ ಜಾಗದಲ್ಲಿ ಮತ್ತೆ ಹೊತ್ತಿಕೊಂಡಿತ್ತು.

ಈ ಸ್ಥಿರತೆಗೆ ತೆರುವ ಬೆಲೆಯೂ ಇದೆ. ಹೊಸಬನೊಬ್ಬ ಇಂದು ಆಡಲು ಕೂತರೆ ಹತ್ತಿಪ್ಪತ್ತು ವರ್ಷಗಳ ಅಭ್ಯಾಸ ಎದುರಿಗೆ ಗೋಡೆಯಂತೆ ನಿಂತಿರುತ್ತದೆ, ವಾಯ್ಸ್ ಚಾಟ್‌ನಲ್ಲಿ ಬೈಗುಳ ಬೇರೆ. ಇದಕ್ಕಿಂತ ದೊಡ್ಡ ಗಾಯ ಚೀಟಿಂಗ್. 2018ರಲ್ಲಿ ಶಾಂಘೈ ಪಂದ್ಯಾವಳಿಯ ನಡುವೆಯೇ ಭಾರತದ ತಂಡವೊಂದರ ಆಟಗಾರ ಗುರಿ ಹಿಡಿಯಲು ನೆರವಾಗುವ ಮೋಸದ ತಂತ್ರಾಂಶ ಬಳಸಿ ಸಿಕ್ಕಿಬಿದ್ದ. ತಂಡ ಅನರ್ಹವಾಯಿತು, ಆಮೇಲೆ ಅದನ್ನು ಮುಚ್ಚಿಯೇಬಿಟ್ಟರು. ತಪ್ಪು ಮಾಡದ ಉಳಿದ ನಾಲ್ವರೂ ಬೀದಿಗೆ ಬಂದರು. ಬೇರೆ ಆಟದಲ್ಲಿ ಮೋಸದಿಂದ ಒಂದು ಪಂದ್ಯ ಹೋಗುತ್ತದೆ. ಇಲ್ಲಿ ಎದುರಾಳಿ ಇಡೀ ಯೌವನ ಸವೆಸಿ ಗಳಿಸಿದ್ದನ್ನೇ ಒಂದು ಸಣ್ಣ ಫೈಲ್ ಅಣಕಿಸುತ್ತದೆ. ಬೆಲೆಗಳನ್ನೂ ಮ್ಯಾಪುಗಳನ್ನೂ ಇಷ್ಟು ಜತನದಿಂದ ಕಾದ ವಾಲ್ವ್ ಈ ಒಂದು ಬಾಗಿಲನ್ನು ಸಡಿಲ ಬಿಟ್ಟಿದೆ. ಪೆಟ್ಟಿಗೆಗಳಿಂದ ಅಷ್ಟು ಹಣ ಗಳಿಸುವ ಕಂಪನಿ ಅದರ ದೊಡ್ಡ ಪಾಲನ್ನು ಮೊದಲು ಇಲ್ಲಿಗೆ ಹಾಕಬೇಕಿತ್ತು.